ಪಾಪಕ್ಕನ ಪಲ್ಲವಿ

“ನೀನೇ ಗೆದ್ದೆ ಕಣಯ್ಯ,” ಎಂದ ಸೊಣ್ಣಪ್ಪ. ಅವನ ಮುಂದಿದ್ದ ಟೀ ಆರುತ್ತಿತ್ತು.

ಕುಪ್ಪುಸ್ವಾಮಿ ನಂಬಲಿಲ್ಲ. ಬಂಗಾರಪೇಟೆಯ ರೈಲ್ವೆ ಗೇಟಿನ ಪಕ್ಕದ ಈ ಹೋಟೆಲಿನಲ್ಲಿ, ಇದೇ ಬೆಂಚಿನ ಮೇಲೆ ಕೂತು ಎರಡು ವರ್ಷದಿಂದ ಭಾನುವಾರ ತಪ್ಪದೆ ಜಗಳವಾಡಿದ ಮನುಷ್ಯ ಹೀಗೆ ಒಂದೇ ಮಾತಿಗೆ ಸೋತೆನೆಂದು ಒಪ್ಪಿಕೊಂಡರೆ ಅದರಲ್ಲೇನೋ ಮಸಲತ್ತು ಇರಲೇಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಇಬ್ಬರೂ. ಮೊಲ ಬದಲಾದೀತು, ಕಾಲು ಬದಲಾಗುವುದಿಲ್ಲ.

ಜಗಳ ಆಸ್ತಿಯದಲ್ಲ, ಪಾರ್ಟಿಯದೂ ಅಲ್ಲ. ವೆಂಕಟರತ್ನಮ್ಮನ ದನಿಯದು. ಬೂದಿಕೋಟೆ ಕಡೆಯ ವೆಂಕಟರತ್ನಮ್ಮ ಎಂದರೆ ಒಂದು ಕಾಲಕ್ಕೆ ಇತ್ತ ಕೋಲಾರದಿಂದ ಅತ್ತ ಕುಪ್ಪಂವರೆಗೆ ಜನ ಗಾಡಿ ಕಟ್ಟಿಕೊಂಡು ಬಂದು ತತ್ವಪದಕ್ಕೆ ಕರೆದೊಯ್ಯುತ್ತಿದ್ದ ಹೆಂಗಸು. ಆಕೆಯ ಎಂಟು ಪದಗಳನ್ನು ಎಪ್ಪತ್ತರ ಸುಮಾರಿಗೆ ಒಂದು ಕಂಪನಿ ಗ್ರಾಮಫೋನ್ ಪ್ಲೇಟು ಮಾಡಿತ್ತು. ಅದನ್ನೇ ಎರಡು ವರ್ಷದ ಹಿಂದೆ ಇನ್ನೊಂದು ಕಂಪನಿ ಕೊಂಡು, ಕರಕರ ಸದ್ದನ್ನೆಲ್ಲ ಯಂತ್ರದಿಂದ ತೊಳೆದು, ಬಣ್ಣದ ರಟ್ಟು ಹಾಕಿ ಹೊಸ ಕ್ಯಾಸೆಟ್ಟಾಗಿ ಬಿಟ್ಟಿತು. ಸೊಣ್ಣಪ್ಪ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವನು ಕೊಟ್ಟಿಗೆ ಗುಡಿಸುವಾಗಲೂ ಅದನ್ನೇ ಕೇಳುತ್ತಿದ್ದ. ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತದೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ಕುಪ್ಪುಸ್ವಾಮಿಯದು ಬೇರೆ ದಾರಿ. ಕೆಜಿಎಫ್‌ನ ನಂದಿದುರ್ಗ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವನು, ಎಪ್ಪತ್ತೊಂಬತ್ತರ ರಾಮನವಮಿಗೆ ಅಲ್ಲಿಯ ಕೆಲಸಗಾರರ ಲೈನು ಮನೆಗಳ ನಡುವೆ ಚಪ್ಪರ ಹಾಕಿ ವೆಂಕಟರತ್ನಮ್ಮನನ್ನು ಕರೆಸಿದಾಗ, ಮದರಾಸಿನಿಂದ ತಂದ ಟೇಪ್ ರೆಕಾರ್ಡರನ್ನು ವೇದಿಕೆಯ ಕಂಬಕ್ಕೆ ಒರಗಿಸಿ ಇಟ್ಟು ಒಂದು ಕ್ಯಾಸೆಟ್ಟು ತುಂಬಿಸಿಕೊಂಡಿದ್ದ. ಅದರಲ್ಲಿ ಮೈಕಿನ ಕೀರಲು ಇದೆ. ಪಾಳಿ ಬದಲಾಗುವ ಎರಡು ಗಂಟೆಯ ಸೈರನ್ ಇದೆ. ಒಂದು ಕಡೆ ನೆಲದಡಿ ಬಂಡೆ ಸಿಡಿದು ಧಡ್ ಎನ್ನುತ್ತದೆ, ಚಪ್ಪರವೆಲ್ಲ ಒಂದು ಗಳಿಗೆ ಉಸಿರು ಹಿಡಿಯುತ್ತದೆ, ವೆಂಕಟರತ್ನಮ್ಮ ಮಾತ್ರ ಪದ ನಿಲ್ಲಿಸುವುದಿಲ್ಲ. ಆ ಟೇಪಿನಿಂದ ಇಳಿಸಿಕೊಂಡ ಕಾಪಿಗಳು ಚಾಂಪಿಯನ್ ರೀಫ್ಸಿನಿಂದ ಬಂಗಾರಪೇಟೆಯವರೆಗೆ ಹತ್ತಾರು ಮನೆಯಲ್ಲಿದ್ದವು.

“ಆಲು ಸೋಸ್ದೆ ಕುಡೀತಾರೇನಯ್ಯಾ?” ಎಂದು ಸೊಣ್ಣಪ್ಪ ಎಷ್ಟೋ ಸಲ ಕೇಳಿದ್ದ. “ಕಸಾನೂ ಇರ್ಲಿ, ಕೂದ್ಲೂ ಇರ್ಲಿ ಅಂತೀಯಲ್ಲ.”

“ಸೋಸಿ ಸೋಸಿ ಕೆನೇನೂ ತೆಗ್ದಾಕವ್ರಣ್ಣ ನಿಮ್ ಕಂಪನಿಯವ್ರು,” ಎಂದು ಕುಪ್ಪುಸ್ವಾಮಿ ತಿರುಗಿಸುತ್ತಿದ್ದ. “ನಂದ್ರಲ್ಲಿ ಆ ದಿನ ಪೂರಾ ಐತೆ. ಆಕೆ ಮುಂದೆ ಕೂತಂಗೇ ಐತೆ.”

ಇಂಥ ಸೊಣ್ಣಪ್ಪ ಇವತ್ತು ಗೆದ್ದೆ ಎನ್ನುತ್ತಿದ್ದಾನೆ. ಕುಪ್ಪುಸ್ವಾಮಿ ಅವನ ಮುಖ ನೋಡಿದ. ತಮಾಷೆಯ ಸುಳಿವಿರಲಿಲ್ಲ.

“ಏನಾಯ್ತಣ್ಣ?”

“ಪಾಪಕ್ಕ ತೀರ್ಕೊಂಡ್ಲಲ್ಲ, ವೆಂಕಟರತ್ನಮ್ಮನ ತಂಗಿ. ಪಕ್ಕದಾಗೆ ಕೂತು ಪಲ್ಲವಿ ತಗೊಳ್ತಿದ್ಲು ನೋಡು, ಅವ್ಳು. ತಿಥಿಗೆ ಓಗಿದ್ದೆ. ಏನೋ ಒಳ್ಳೇದ್ ಮಾಡಾನ ಅಂತ ನನ್ ಕ್ಯಾಸೆಟ್ಟು ತಗೊಂಡೋಗಿ ವೆಂಕಟರತ್ನಮ್ಮನ ಕೈಗೆ ಕೊಟ್ಟೆ.” ಸೊಣ್ಣಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. “ಅಲ್ಲೇ ಆಕ್ಸಿ ಕೇಳಿದ್ಲು. ಕೇಳ್ಬಿಟ್ಟು, ನನ್ ತಂಗಿ ಎಲ್ಲಪ್ಪಾ ಅಂದ್ಲು. ಆವಾಗ್ಲೇ ಕಣಯ್ಯ ನನ್ಗೂ ಗೊತ್ತಾಗಿದ್ದು. ಪಾಪಕ್ಕ ತಗೊಳ್ಳೋ ಕಡೆ ಎಲ್ಲಾ ಕತ್ತರಿಸ್ಬಿಟ್ಟು ಅದೇನೋ ಕೀಬೋರ್ಡು ತುಂಬವ್ರೆ. ಆ ಮುದುಕಿ ಮುಖ ನೋಡಕ್ಕಾಗ್ಲಿಲ್ಲ ನನ್ಗೆ. ಪ್ಲೇಟು ಇತ್ತಂತೆ ಅವ್ರ ಮನ್ಯಾಗೆ, ಯಾವತ್ತೋ ಒಡ್ದೋಗೈತೆ. ಯಾರತ್ರಾನಾ ಇದ್ರೆ ಒಂದ್ಸಲ ಕೇಳ್ಸಪ್ಪಾ, ಅವ್ಳ ದನಿ ಮರ್ತೋಗ್ತಾ ಐತೆ ಅಂದ್ಲು.”

“ನನ್ ಹತ್ರ ಇದೆ,” ಎಂದ ಕುಪ್ಪುಸ್ವಾಮಿ.

ಹೇಳುವಾಗ ಅವನ ಎದೆ ಉಬ್ಬಿತು ಎಂಬುದು ಸುಳ್ಳಲ್ಲ. ಸತ್ತವರ ಮನೆಯ ವಿಷಯ, ಹಾಗೆ ಉಬ್ಬಬಾರದಿತ್ತು. ಆದರೆ ಕಳ್ಳ ಟೇಪು, ಕಸದ ಟೇಪು ಎಂದು ಎರಡು ವರ್ಷ ಅನ್ನಿಸಿಕೊಂಡಿದ್ದ. ಮುಂದಿನ ಭಾನುವಾರ ಬೂದಿಕೋಟೆಗೆ ಹೋಗುವುದು ಎಂದು ಅಲ್ಲೇ ನಿಶ್ಚಯವಾಯಿತು.

ಆ ಭಾನುವಾರ ಅವನು ಕೆಜಿಎಫ್ ರೈಲಿನಿಂದ ಇಳಿದಾಗ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಸೊಣ್ಣಪ್ಪ ನೋಡಿ, “ಎಣ್ಣು ನೋಡಕ್ ಒಂಟಂಗೈತೆ,” ಎಂದು ರೇಗಿಸಿದ. ಬಸ್ಸಿನಲ್ಲಿ ಉದ್ದಕ್ಕೂ ಕುಪ್ಪುಸ್ವಾಮಿ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹೊಸ ಸೆಲ್ಲು ಹಾಕಿ ತಂದಿದ್ದ. ಮೂಲ ಕ್ಯಾಸೆಟ್ಟನ್ನೇ ತಂದಿದ್ದ. ಅದನ್ನು ಅವನು ಮನೆಯಲ್ಲಿ ವರ್ಷಕ್ಕೊಮ್ಮೆ, ರಾಮನವಮಿಗೆ ಮಾತ್ರ ಹಾಕುತ್ತಿದ್ದ. ಉಳಿದ ದಿನಕ್ಕೆ ಕಾಪಿ.

ವೆಂಕಟರತ್ನಮ್ಮ ಜಗಲಿಯ ಮೇಲೆ ಕೂತು, ನೀರಿನಲ್ಲಿ ನೆನೆದ ಅವರೆಕಾಳನ್ನು ಹಿದುಕುತ್ತಿದ್ದಳು. ಅವರೆ ಸುಗ್ಗಿಯ ದಿನಗಳು. ಕಾಳು ಸಿಪ್ಪೆ ಬಿಟ್ಟು ಪುಸಕ್ಕನೆ ಹಾರಿ ತಟ್ಟೆಗೆ ಬೀಳುತ್ತಿತ್ತು. ಕುಪ್ಪುಸ್ವಾಮಿ ನೆನಪಿಟ್ಟುಕೊಂಡಿದ್ದ ಎತ್ತರದ, ಗಟ್ಟಿ ಹೆಂಗಸು ಈ ಮುದುಕಿಯಲ್ಲಿ ಎಲ್ಲೂ ಇರಲಿಲ್ಲ. ದನಿಯೂ ಒಡೆದಿತ್ತು.

“ನಂದಿದುರ್ಗದವ್ರಾ? ಬಾ ನಾಯ್ನಾ, ಕೂತ್ಕೋ,” ಎಂದಳು. “ಗೆಪ್ತಿ ಐತೆ. ಚಪ್ಪರದಾಗೆ ಎಲ್ರಿಗೂ ಪಾನಕ ಕೊಟ್ರು. ನನ್ ತಂಗಿ ಪಾಪು ಮೂರ್ ಲೋಟ ಕುಡುದ್ಲು. ಗಂಟ್ಲು ಕಟ್ತದೆ ಕಣೇ ಅಂದ್ರೆ ಕೇಳ್ಲಿಲ್ಲ.”

“ಅದೆಲ್ಲಾ ಇದ್ರಲ್ಲಿ ಇದೆಯಮ್ಮ,” ಎಂದ ಕುಪ್ಪುಸ್ವಾಮಿ. ಅದು ಹೇಗೆ ಇದ್ದೀತು ಎಂದು ಯೋಚಿಸಲಿಲ್ಲ.

ವೆಂಕಟರತ್ನಮ್ಮ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಳು. ಪದ ಹೇಳಲು ಕೂರುತ್ತಿದ್ದದ್ದು ಹಾಗೆಯೇ. ತನ್ನ ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಕುಪ್ಪುಸ್ವಾಮಿ ಗುಂಡಿ ಒತ್ತಿದ.

ಮೊದಲು ಕರಕರ. ಆಮೇಲೆ ತಾಳ, ತಂಬೂರಿಯ ಮೀಟು. ಆಮೇಲೆ ಹದಿನಾಲ್ಕು ವರ್ಷದ ಹಿಂದಿನ ಆ ದನಿ. “ಯಾಕೆ ಅವಸರವೋ ಮನವೇ, ಇನ್ನೂ ದಾರಿ ಉಂಟು...” ಸೊಣ್ಣಪ್ಪ ಕಣ್ಣು ಮುಚ್ಚಿದ. ಇದನ್ನು ಅವನು ಇಷ್ಟು ಮನಸ್ಸಿಟ್ಟು ಕೇಳಿದ್ದೇ ಇಲ್ಲ. ಮೊದಲ ಚರಣ ಮುಗಿದು ಪಲ್ಲವಿಗೆ ಬಂತು. ವೆಂಕಟರತ್ನಮ್ಮ ಪಲ್ಲವಿಯ ಕೊನೆಗೆ ಎಡಗೈಯನ್ನು ಮೇಲೆತ್ತಿ, ತೆಗೆದುಕೋ ಎನ್ನುವಂತೆ ಪಕ್ಕಕ್ಕೆ ಚಾಚಿದಳು.

ಟಕ್. ಎರಡನೆಯ ಚರಣ ಶುರುವಾಯಿತು.

ಕೈ ಸ್ವಲ್ಪ ಹೊತ್ತು ಹಾಗೇ ಇದ್ದು ಕೆಳಗಿಳಿಯಿತು. ಎರಡನೆಯ ಚರಣ ಮುಗಿಯಿತು, ಪಲ್ಲವಿ ಬಂತು, ಕೈ ಮತ್ತೆ ಎದ್ದಿತು. ಟಕ್. ಮೂರನೆಯದು.

ಕುಪ್ಪುಸ್ವಾಮಿಗೆ ಆ ಟಕ್ ಹೊಸದಲ್ಲ. ಸೈರನ್ನಿನಂತೆ, ಮೈಕಿನ ಕೀರಲಿನಂತೆ ಅದೂ ಈ ಟೇಪಿನದೇ ಸದ್ದು ಎಂದುಕೊಂಡಿದ್ದ. ಆ ಜಾಗ ಬಂದಾಗಲೆಲ್ಲ ಪಲ್ಲವಿಯನ್ನು ತಾನೇ ಗುನುಗಿಕೊಳ್ಳುವುದು ಅವನ ರೂಢಿ. ಹಾಗೆ ಗುನುಗುತ್ತ ಹದಿನಾಲ್ಕು ವರ್ಷ ಕಳೆದಿದ್ದ. ಈಗ, ಆ ಕೈ ಬರಿದೇ ಎದ್ದು ಬರಿದೇ ಇಳಿಯುವುದನ್ನು ಕಂಡಾಗ, ಅದು ಏನು ಸದ್ದೆಂದು ಅವನಿಗೆ ನೆನಪಾಯಿತು. ಮೂರನೆಯ ಸಲ ಕೈ ಏಳಲಿಲ್ಲ. ಟಕ್ ಮಾತ್ರ ಆಯಿತು.

“ಸ್ವಲ್ಪ ನಿಲ್ಸು ನಾಯ್ನಾ,” ಎಂದಳು ವೆಂಕಟರತ್ನಮ್ಮ. “ಇದ್ರಾಗೂ ಕತ್ತರಿಸವ್ರಾ?”

ಸೊಣ್ಣಪ್ಪ ಕಣ್ಣು ಬಿಟ್ಟು ಗೆಳೆಯನನ್ನು ನೋಡಿದ. ಗೆದ್ದೆನೆಂಬ ನೋಟವಾಗಿದ್ದರೆ ಕುಪ್ಪುಸ್ವಾಮಿ ಹೇಗೋ ತಡೆದುಕೊಳ್ಳುತ್ತಿದ್ದ. ಸೊಣ್ಣಪ್ಪನ ಮುಖದಲ್ಲಿ ಬರೀ ಹೆದರಿಕೆಯಿತ್ತು.

“ಯಾರೂ ಕತ್ತರಿಸ್ಲಿಲ್ಲಮ್ಮ,” ಎಂದ ಕುಪ್ಪುಸ್ವಾಮಿ. “ನಾನೇ. ಒಂದೇ ಕ್ಯಾಸೆಟ್ ಇತ್ತು ನನ್ ಹತ್ರ, ಒಂದ್ ಗಂಟೇದು. ನೀವು ಎರಡ್ ಗಂಟೆ ಹಾಡಿದ್ರಿ. ನಿಮ್ ಪದ ಒಂದೂ ಬಿಟ್ಟೋಗ್ಬಾರ್ದು ಅಂತ, ಅವ್ರು ಪಲ್ಲವಿ ತಗೊಳ್ಳುವಾಗೆಲ್ಲಾ ಬಟನ್ ಒತ್ತಿ ನಿಲ್ಲಿಸ್ಕೊಂಡೆ. ಹೇಳಿದ್ದೇ ಹೇಳೋದಲ್ವಾ, ಅದಕ್ಕೆ ಯಾಕೆ ಟೇಪು ದಂಡ ಅಂತ.”

ಹೇಳಿ ಮುಗಿಸಿದ ಮೇಲೆ ಅವನಿಗೆ ತನ್ನ ಮಾತೇ ಕೇಳಿಸಿತು. ಕಂಪನಿಯವರೂ ಹೀಗೇ ಯೋಚಿಸಿದ್ದಿರಬೇಕು. ಅವರು ಯಂತ್ರದಲ್ಲಿ ಮಾಡಿದ್ದನ್ನು ಇವನು ಹೆಬ್ಬೆರಳಿನಲ್ಲಿ ಮಾಡಿದ್ದ.

ವೆಂಕಟರತ್ನಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಓಗ್ಲಿ ಬಿಡು,” ಎಂದಳು. “ನೀನು ಪಕ್ಕದಾಗೇ ಕೂತಿದ್ಯಲ್ಲ ನಾಯ್ನಾ. ಎಂಗ್ ತಗೊಂಡ್ಲು ಏಳು. ಆವತ್ತು ಅವ್ಳ ಗಂಟ್ಲು ಎಂಗಿತ್ತು?”

ಕುಪ್ಪುಸ್ವಾಮಿ ನೆನಪು ಮಾಡಿಕೊಳ್ಳಲು ನೋಡಿದ. ಕಂಬ ನೆನಪಾಯಿತು. ಕ್ಯಾಸೆಟ್ಟಿನ ಕಿಂಡಿಯಲ್ಲಿ ಎಷ್ಟು ಟೇಪು ಉಳಿದಿದೆ ಎಂದು ಬಗ್ಗಿ ಬಗ್ಗಿ ನೋಡಿದ್ದು ನೆನಪಾಯಿತು. ಕೆಂಪು ಸೀರೆ ಉಟ್ಟ ಒಬ್ಬ ಹೆಂಗಸು ವೆಂಕಟರತ್ನಮ್ಮನ ಎಡಕ್ಕೆ ಕೂತಿದ್ದಳು. ಅವಳ ಬಾಯಿ ಆಡುತ್ತಿತ್ತು. ದನಿ ಮಾತ್ರ ನೆನಪಿಗೆ ಬರಲಿಲ್ಲ. ಸುಳ್ಳು ಹೇಳಬಹುದಿತ್ತು, ಇಂಪಾಗಿತ್ತಮ್ಮ ಎಂದರೆ ಮುಗಿಯುತ್ತಿತ್ತು. ಅಷ್ಟು ದೂರದಿಂದ ಹೊತ್ತುಕೊಂಡು ಬಂದು ಅದನ್ನೂ ಹೇಳಲು ಅವನಿಗೆ ಬಾಯಿ ಬರಲಿಲ್ಲ.

“ಆವಾಗ ನಾನು ಕೇಳಿಸ್ಕೊಳ್ತಾ ಇರ್ಲಿಲ್ಲಮ್ಮ,” ಎಂದ. “ನೀವು ಮತ್ತೆ ಯಾವಾಗ ಶುರು ಮಾಡ್ತೀರಾ ಅಂತ ಕಾಯ್ತಾ ಇದ್ದೆ.”

ಸೊಣ್ಣಪ್ಪ ಸುಮ್ಮನೆ ಕೂರಲಾರದೆ ನೀರಿನಿಂದ ಒಂದು ಹಿಡಿ ಕಾಳು ತೆಗೆದುಕೊಂಡು ಹಿದುಕತೊಡಗಿದ. ಅವನಿಗೆ ರೂಢಿಯಿಲ್ಲ, ಕಾಳು ಜಜ್ಜಿಹೋಗುತ್ತಿತ್ತು. ಕುಪ್ಪುಸ್ವಾಮಿ ಟೇಪ್ ರೆಕಾರ್ಡರಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಏಳಲು ಹೊರಟ.

“ಎಲ್ಲೋಗ್ತೀಯಾ? ಆಕು,” ಎಂದಳು ವೆಂಕಟರತ್ನಮ್ಮ. “ಮುಂದಿಂದು ಆಕು. ಮುಗೀಲಿ.”

“ಬೇಡಮ್ಮ.”

“ಪದ ಅರ್ಧಕ್ಕೆ ಬಿಡಬಾರ್ದು ನಾಯ್ನಾ. ಆಕು.”

ಹಾಕಿದ. ನಾಲ್ಕನೆಯ ಚರಣ ಕೊನೆಯದು, ಸ್ವಲ್ಪ ಜೋರಿನ ನಡೆಯದು. ಕುಪ್ಪುಸ್ವಾಮಿ ತಲೆ ತಗ್ಗಿಸಿ ತನ್ನ ಹೆಬ್ಬೆರಳನ್ನು ನೋಡುತ್ತ ಕೂತ. ಪಲ್ಲವಿ ಬಂತು. “...ಇನ್ನೂ ದಾರಿ ಉಂಟು,” ಎಂದು ದನಿ ಇಳಿಯುತ್ತಿದ್ದಂತೆ, ಅದು ಪೂರ್ತಿ ಇಳಿಯುವ ಮೊದಲೇ, ಅದರ ಬೆನ್ನಿಗೆ ಹತ್ತಿದಂತೆ ಇನ್ನೊಂದು ದನಿ, ತೆಳುವಾಗಿ, ಒಂದಿಷ್ಟೇ ಕೇಳಿಸಿತು. “ಯಾ...” ಟಕ್.

“ನಿಲ್ಸು,” ಎಂದಳು ವೆಂಕಟರತ್ನಮ್ಮ.

ಅವನು ನಿಲ್ಲಿಸಿದ. ಸೊಣ್ಣಪ್ಪನ ಬೆರಳುಗಳೂ ನಿಂತವು.

“ಇಂದಕ್ಕೋಡ್ಸು. ಅಲ್ಲೇ.”

ಓಡಿಸಿದ. “...ದಾರಿ ಉಂಟು.” “ಯಾ...” ಟಕ್.

“ಅವ್ಳೇ,” ಎಂದಳು ವೆಂಕಟರತ್ನಮ್ಮ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಕೊನೇ ಚರಣಕ್ಕೆ ಬಂದ್ರೆ ಅವ್ಳಿಗೆ ತಡ್ಯಾಕಾಗ್ತಿರ್ಲಿಲ್ಲ. ನನ್ ಮಾತು ಮುಗಿಯಾಕ್ ಮುಂಚೇನೇ ಎತ್ಕೊಂಬಿಡೋಳು. ಆವತ್ತು ಅಷ್ಟ್ ಜನದ ಮುಂದೆ ತಿರುಗಿ ಕಣ್ ಬಿಟ್ಟೆ ನೋಡು. ಗೆಪ್ತಿ ಐತೆ ನನ್ಗೆ. ಮುಖ ಸಣ್ಣಗ್ ಮಾಡ್ಕೊಂಡ್ಲು. ಅದಾದ್ಮ್ಯಾಲೆ ಸಾಯೋಗಂಟ ಒಂದ್ ದಿನಾನೂ ಮುಂದಾಗಿ ಬರ್ಲಿಲ್ಲ.”

ಹಾಗಾದರೆ ಟೇಪಿನ ಮುಂದಿನ ಭಾಗದಲ್ಲಿ, ಎರಡನೆಯ ಮಗ್ಗುಲಿನಲ್ಲಿ, ಇನ್ನೆಲ್ಲೂ ಅವಳು ಸಿಗುವುದಿಲ್ಲ. ಸರಿಯಾದ ಹೊತ್ತಿಗೆ ಬಂದಾಗಲೆಲ್ಲ ಅವಳನ್ನು ತಾನು ಸರಿಯಾದ ಹೊತ್ತಿಗೇ ನಿಲ್ಲಿಸಿದ್ದ ಎಂದು ಕುಪ್ಪುಸ್ವಾಮಿಗೆ ಹೊಳೆಯಿತು. ಯಾರಿಗೆ ಹೇಳುವುದು? ಆವತ್ತು ಇನ್ನೊಂದು ಖಾಲಿ ಕ್ಯಾಸೆಟ್ಟನ್ನು ಯಾರನ್ನಾದರೂ ಕೇಳಿ ತರಬಹುದಿತ್ತು. ಲೈನಿನಲ್ಲಿ ಇಬ್ಬರ ಹತ್ತಿರವಾದರೂ ಇತ್ತು. ಕೇಳಲು ಹೋದರೆ ಅಷ್ಟು ಹೊತ್ತಿನ ಪದ ತಪ್ಪುತ್ತದೆಂದು ಅವನು ಎದ್ದಿರಲಿಲ್ಲ.

“ಆ ಕೊನೇ ಬಸ್ಸು...” ಎಂದು ಸೊಣ್ಣಪ್ಪ ಮೆಲ್ಲಗೆ ಶುರು ಮಾಡಿ, ಅಲ್ಲಿಗೇ ಬಿಟ್ಟ.

“ಇನ್ನೊಂದ್ ಸಲ,” ಎಂದಳು ವೆಂಕಟರತ್ನಮ್ಮ. ಎಡಗೈ ಮೇಲೆದ್ದು ಪಕ್ಕಕ್ಕೆ ಚಾಚಿಕೊಂಡಿತ್ತು.

ಕುಪ್ಪುಸ್ವಾಮಿ ಟೇಪನ್ನು ಒಂದಿಷ್ಟೇ ಹಿಂದಕ್ಕೆ ಓಡಿಸಿದ. ಗುಂಡಿ ಒತ್ತಿ, ಸ್ಪೀಕರಿನ ಜಾಲರಿಗೆ ಕಿವಿ ತಾಗುವ ಹಾಗೆ ಬಗ್ಗಿ, ಪಾಪಕ್ಕ ಶುರು ಮಾಡುವುದನ್ನು ಕಾದ.