ತಾಮ್ರದೂರಿನ ಗಟ್ಟಿ ಗೋಡೆ

ನಮ್ಮೂರ ತಾಮ್ರ ಹೋಗದ ದೇಶವಿಲ್ಲ. ರೈಲು ಓಡುವುದು, ಮೋಟಾರು ತಿರುಗುವುದು, ಯಾರದೋ ಫೋನು ಗುಣುಗುವುದು ಎಲ್ಲ ಅದರಿಂದಲೇ. ಕಝಾಕ್ ಹುಲ್ಲುಗಾವಲಿನ ನಡುವೆ ಅದನ್ನು ಅಗೆಯುವ ನಮ್ಮ ಮನೆಗಳ ಕರೆಂಟು ತಂತಿ ಮಾತ್ರ ಅಲ್ಯೂಮಿನಿಯಂನದು. ಯಾರನ್ನು ಕೇಳೋಣ?

ಅಗೆದೂ ಅಗೆದೂ ಗಣಿ ನಮ್ಮ ಬೀದಿಯ ಬುಡಕ್ಕೇ ಬಂದಿದೆ. ಮಧ್ಯಾಹ್ನ ನಾನು ಬಂಡೆ ಸಿಡಿಸಿದರೆ ಸಂಬಳ ಬರುತ್ತದೆ, ನಮ್ಮ ಗೋಡೆ ಇನ್ನಷ್ಟು ಬಾಯಿ ಬಿಡುತ್ತದೆ. ಆ ಗೋಡೆಯ ಪಕ್ಕದಲ್ಲೇ ಮಲಗುವವಳು ನನ್ನ ಪುಟ್ಟ ಮಗಳು ಅಯ್ಝಾನ್. ಗೋಡೆ ಬಿರಿದವರಿಗೆ ದೂರದಲ್ಲಿ ಹೊಸ ಮನೆ ಕೊಡುತ್ತೇವೆಂದು ಕಂಪನಿ ಹೇಳಿತ್ತು. ಬಿರುಕು ನೋಡಿ ಬರೆದುಕೊಳ್ಳಲು ಸಪಾರ್‌ಬೆಕ್ ಎಂಬ ಅಧಿಕಾರಿ ಬರುವವನಿದ್ದ.

ಅಂದು ಪಾಳಿ ಮುಗಿಸಿ ಮನೆಗೆ ಬಂದರೆ ಮನೆಯೆಲ್ಲ ಸುಣ್ಣ ಬಳಿದಾಗಿತ್ತು. ಬಿರುಕಿನ ಮೇಲೆ ಅಮ್ಮನ ಮದುವೆಯ ಕೆಂಪು ಜಮಖಾನ ನೇತಾಡುತ್ತಿತ್ತು.

"ಅಮ್ಮಾ, ಅವ್ರು ಬರ್ತಿರೋದೇ ಬಿರುಕು ನೋಡೋಕೆ."

"ಯಾಕಾದ್ರೂ ಬರ್ಲಿ, ಹೊಸ್ತಿಲು ದಾಟಿದ್ಮೇಲೆ ಅತಿಥಿ. ಒಡಕು ಗೋಡೆ ಕೆಳಗೆ ಕೂರಿಸಿ ಉಣ್ಸೋಕೆ ನಾವೇನು ಮನೆತನ ಇಲ್ದೋರಾ?"

"ಮನೆತನ ಇರೋಕೆ ಮೊದ್ಲು ಮನೆ ನಿಂತಿರ್ಬೇಕಲ್ವಾ ಅತ್ತೆ?" ಎಂದಳು ನನ್ನ ಹೆಂಡತಿ ರೌಶಾನ್.

"ನೀನು ಹಿಟ್ಟು ನಾದು."

ಸಪಾರ್‌ಬೆಕ್ ಬಂದ. ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಜಮಖಾನದ ಕೆಳಗೇ ಕೂತ. ಬೇಯಿಸಿದ ಕುರಿಯ ತಲೆ ಅವನ ಮುಂದೆ ಬಂತು. ಮಗು ಹಿರಿಯರ ಮಾತು ಕೇಳಲೆಂದು ಅದರ ಕಿವಿ ಕೊಯ್ದು ಅಯ್ಝಾನ್‌ಗೆ ಕೊಟ್ಟ. ಆ ಕಿವಿ ಬೇಕಾಗಿದ್ದದ್ದು ಅವನ ಕಂಪನಿಗೆ. ತಿಂದ, ಕುಡಿದ, ತೇಗಿದ; ಗೋಡೆಯ ಸುದ್ದಿಯೇ ಇಲ್ಲ. ಉಣ್ಣುವವನ ಮುಂದೆ ಮನೆಯ ಹುಳುಕು ತೆಗೆಯಲು ನನಗೂ ನಾಲಿಗೆ ಏಳಲಿಲ್ಲ.

ರೌಶಾನ್ ಚಹಾ ಕೊಡುತ್ತಾ ಕೇಳಿದಳು, "ಸಾಹೇಬ್ರೇ, ನಮ್ಮತ್ತೆ ನೇಯ್ದ ಜಮಖಾನ ಹೇಗಿದೆ?"

"ಭಾರಿ ಚೆನ್ನಾಗಿದೆ."

ಅತಿಥಿ ಮೆಚ್ಚಿದ್ದನ್ನು ಅವನಿಗೇ ಕೊಡಬೇಕು, ಇಲ್ಲದಿದ್ದರೆ ನಮ್ಮಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಅವನ ಮಾತು ಮುಗಿಯುವ ಮೊದಲೇ ಅವಳು ಜಮಖಾನ ಕಿತ್ತು ಅವನ ಮಡಿಲಿಗೆ ಹಾಕಿದ್ದಳು. ಬಿರುಕಿನಾಚೆ ಪಕ್ಕದ ಮನೆಯ ಮುದುಕ ಒಬ್ಬನೇ ಚಹಾ ಕುಡಿಯುತ್ತಿದ್ದವನು ನಮ್ಮನ್ನು ಕಂಡು ಸಲಾಂ ಹೇಳಿದ. ನನಗೆ ಕುಣಿಯಬೇಕೆನ್ನಿಸಿತು. ಅಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು.

ಸಪಾರ್‌ಬೆಕ್ ಬಿರುಕನ್ನು ನೋಡಿದ, ಅಮ್ಮನನ್ನು ನೋಡಿದ, ಕೈ ಒರೆಸಿಕೊಂಡ.

"ತಲೆ ಎತ್ತಿ ಅಮ್ಮಾ. ನಾನೂ ಕಝಾಕನೇ. ಈ ಮನೆ ಉಪ್ಪು ತಿಂದು ಈ ಮನೆ ಮೇಲೇ ಕೆಟ್ಟದ್ದು ಬರೀತೀನಾ? ಗೋಡೆ ಗಟ್ಟಿಯಾಗಿದೆ ಅಂತ್ಲೇ ಬರೀತೀನಿ."

"ಪಕ್ಕದ ಮನೆಗೆ ಏನಂತ ಬರೆದ್ರಿ?" ಎಂದೆ.

"ಆ ಮುದುಕ ಒಂದು ಲೋಟ ಚಹಾ ಬೇಕಾ ಅಂತಾನೂ ಕೇಳ್ಲಿಲ್ಲ. ಗೋಡೆ ಬೀಳೋ ಹಾಗಿದೆ ಅಂತ ಬರ್ದು ಬಂದೆ."

ಎರಡೂ ಮನೆಗೆ ಇರುವುದು ಅದೊಂದೇ ಗೋಡೆ. ಆದರೂ ಜಮಖಾನ ಹೊತ್ತು ಅವನನ್ನು ಜೀಪಿನವರೆಗೆ ಕಳಿಸಿಕೊಟ್ಟೆ.

ಒಳಗೆ ಬಂದಾಗ ರೌಶಾನ್ ಮಗಳ ಹಾಸಿಗೆಯನ್ನು ಬಾಗಿಲ ಬಳಿಗೆ ಎಳೆಯುತ್ತಿದ್ದಳು.

"ಅಲ್ಲಿ ಗಾಳಿ ಬೀಸುತ್ತೆ ಕಣೇ," ಎಂದಳು ಅಮ್ಮ.

"ಓಡೋಕೆ ಹತ್ತಿರ ಅತ್ತೆ."

ಅಮ್ಮ ತನ್ನ ಹಾಸಿಗೆಯನ್ನು ತಂದು ಗೋಡೆಗೂ ಮಗುವಿಗೂ ನಡುವೆ ಹಾಸಿಕೊಂಡಳು.