ಗೋರಖನಾಥನ ಗಾಡಿ, ಪಂಢರಿಯ ಬೆಲ್ಟು

ಸಂತಪುರದ ಪಂಢರಿಯ ಹೊಟ್ಟೆಕಿಚ್ಚಿಗೆ ಬೆಂಕಿಕಡ್ಡಿ ಬೇಕಿರಲಿಲ್ಲ. ಪಕ್ಕದ ಮನೆಯ ಗೋರಖನಾಥನ ವ್ಯಾನಿನ ಹಾರ್ನ್ ಕೇಳಿದರೆ ಸಾಕಿತ್ತು. ಇಬ್ಬರ ಡೀಸೆಲ್ ವ್ಯಾನುಗಳೂ ಒಂದೇ ಕಂಪನಿಯವು, ಎರಡೂ ಸೆಕೆಂಡ್ ಹ್ಯಾಂಡ್. ಮಳೆ ಎರಡು ವರ್ಷ ಕೈಕೊಟ್ಟಿತ್ತು. ಔರಾದ ಕಡೆಯ ಜನ ಪುಣೆ, ಮುಂಬೈಗೆ ದುಡಿಯಲು ಹೊರಟಿದ್ದರು. ಅವರನ್ನು ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸುವುದೇ ಇಬ್ಬರ ಕಸುಬು. ಆದರೆ ಜನ ಮೊದಲು ಗೋರಖನಾಥನ ಗಾಡಿಯನ್ನೇ ಹತ್ತುತ್ತಿದ್ದರು. ಅದು ದಾರಿಯಲ್ಲಿ ನಿಂತದ್ದೇ ಇಲ್ಲ.

ಪಂಢರಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಗೋರಖನಾಥ ಕನ್ನಡಿಗೆ ಗೊಂಡೆ ಕಟ್ಟಿದರೆ ಇವನೂ ಕಟ್ಟಿದ. ಅವನು ಅಮಾವಾಸ್ಯೆಗೆ ಗಾಡಿ ಮುಂದೆ ಒಂದು ಕಾಯಿ ಒಡೆದರೆ ಇವನು ಎರಡು ಒಡೆದ. ಗೋರಖನಾಥ ಬೀದರಿಗೆ ಹೋಗಿ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಿಕೊಂಡು ಬಂದಾಗ ಮಾತ್ರ ಪಂಢರಿ ನಕ್ಕುಬಿಟ್ಟ.

"ನೀವೂ ಹಾಕಿಸ್ರಿ" ಎಂದಳು ಹೆಂಡತಿ ಸುಭದ್ರಾಬಾಯಿ.

"ಮುಚ್ಚಳದ ಒಳಗಿಂದು ಯಾರಿಗ ಕಾಣ್ತದ? ಹರೀಲಾರದ ಬೆಲ್ಟ್ ಯಾಕ ತೆಗೀಬೇಕು?"

ಹದಿನೈದು ದಿನಕ್ಕೆ ಪಂಢರಿಯ ಬೆಲ್ಟ್ ಹರಿಯಿತು. ಠಾಣಾ ಕುಶನೂರ ದಾಟಿದ ಮೇಲೆ ಎಂಜಿನ್ ಒಮ್ಮೆ ಟಕ್ಕೆಂದು ಆರಿಹೋಯಿತು. ಒಳಗೆ ಹತ್ತು ಜನ, ಅವರ ಗಂಟುಮೂಟೆ, ಅವರೆಲ್ಲರ ರೈಲಿನ ಹೊತ್ತು. ಗಾಡಿ ನಿಂತರೆ ಎಲ್ಲರೂ ಇಳಿದು ನೂಕುವುದು ನಮ್ಮ ಕಡೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಜನ ಆಗಲೇ ಹಿಂದೆ ಕೈಕೊಟ್ಟು ನಿಂತಿದ್ದರು. ಅಷ್ಟರಲ್ಲಿ ಗೋರಖನಾಥನ ಗಾಡಿ ಭಾಲ್ಕಿಯಿಂದ ಖಾಲಿಯಾಗಿ ಬಂತು. ಅವನು ಇಳಿದು, ಬಾನೆಟ್ ಎತ್ತಿ ನೋಡಿದ.

"ಪಂಢರಿ, ನೂಕಸಬ್ಯಾಡ. ಬೆಲ್ಟ್ ಹರದಂಗ ಅದ. ಗೇರಿನಾಗ ನೂಕಿದ್ರ ಎಂಜಿನ್ ಹಾಳಾಗ್ತದ. ನಿನ್ನ ಮಂದಿನ ನಾ ಮುಟ್ಟಸ್ತೇನಿ."

ಕೊನೆಯ ಮಾತೊಂದೇ ಪಂಢರಿಯ ಕಿವಿಗೆ ಬಿತ್ತು. ನನ್ನ ಮಂದಿಯ ಮೇಲೆ ಇವನ ಕಣ್ಣು ಎಂದು ಮೈಯೆಲ್ಲ ಉರಿಯಿತು. "ನೂಕ್ರಿ" ಎಂದ. ಜನ ನೂಕಿದರು. ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದಾಯಿತು. ಮತ್ತೆ ನೂಕಿಸಿದ, ಮತ್ತೆ ಅದೇ ಸದ್ದು. ಕೊನೆಗೆ ಜನ ಮೂಟೆ ಹೊತ್ತು ಗೋರಖನಾಥನ ಗಾಡಿಗೇ ಹೋದರು.

ಬೀದರಿನ ಗಾಂಧಿ ಗಂಜಿನ ಹತ್ತಿರ ಅಬ್ದುಲ ಗಫೂರ ಮೇಸ್ತ್ರಿಯ ಗ್ಯಾರೇಜು. ಪಂಢರಿ ಗಾಡಿಯನ್ನು ಅಲ್ಲಿಗೆ ಎಳೆಸಿದ.

"ಹೊಸ ಬೆಲ್ಟ್ ಹಾಕಿ ಲಗೂ ಚಾಲೂ ಮಾಡ್ರಿ, ಉಸ್ತಾದ" ಎಂದ ಪಂಢರಿ.

"ಜಲ್ದಿ ಮಾಡಬ್ಯಾಡ್ರಿ, ಭಾಯಿ. ಪಿಸ್ಟನ್ ಮ್ಯಾಲ ಬರೋ ಹೊತ್ತಿಗೆ ವಾಲ್ವ್ ಸರದು ದಾರಿ ಬಿಡಬೇಕು. ಆ ಹೊತ್ತು ತಪ್ಪದಂಗ ನೋಡೋದು ಈ ಬೆಲ್ಟ್. ಇದು ಹರದ್ರ ಎರಡೂ ಬಡದಾಡ್ತಾವ. ಮೊದಲ ಒಳಗ ಏನಾಗ್ಯದ ನೋಡೋಣ."

ಗಫೂರ ಹಲ್ಲುಚಕ್ರಗಳ ಮೇಲಿನ ಗುರುತಿಗೆ ಗುರುತು ಕೂಡಿಸಿ ಬೆಲ್ಟ್ ಹಾಕಿದ. ನಟ್ಟಿಗೆ ಪಾನಾ ಹಾಕಿ ಎಂಜಿನ್ ಅನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದ. ಅರ್ಧ ಸುತ್ತಿಗೆ ಅದು ತಡೆದು ನಿಂತಿತು. ಮೇಲಿನ ಹೆಡ್ ಬಿಚ್ಚಿದಾಗ ಎಂಟು ವಾಲ್ವೂ ಬಾಗಿದ್ದವು, ಒಂದು ಪಿಸ್ಟನ್ನಿನ ತಲೆ ಜಜ್ಜಿಹೋಗಿತ್ತು.

"ಬೆಲ್ಟ್ ಹರದಾಗ ಒಂದೆರಡು ಬಾಗಿರಬೇಕು. ಇಷ್ಟು ಆಗಬೇಕಾದ್ರ ನೂಕಿಸೀರಿ. ಹೌದಿಲ್ರಿ?"

"ಎರಡ ಸಲ" ಎಂದ ಪಂಢರಿ.

ಗಾಡಿ ಇಪ್ಪತ್ತಾರು ದಿನ ಗ್ಯಾರೇಜಿನಲ್ಲಿತ್ತು. ಇಪ್ಪತ್ತಾರು ದಿನವೂ ಗೋರಖನಾಥ ಎರಡು ಪಟ್ಟು ಓಡಿಸಿದ. ಪಂಢರಿ ಕಟ್ಟೆಯ ಮೇಲೆ ಕೂತು ಆ ಹಾರ್ನ್ ಕೇಳಿದ. ಉಂಡ ಅನ್ನ ಮೈಗೆ ಹತ್ತಲಿಲ್ಲ. "ನೂಕಬ್ಯಾಡ ಅಂತ ಅವರು ಹೇಳಿದ್ರಲ್ರಿ" ಎಂದು ಸುಭದ್ರಾಬಾಯಿ ಒಂದೇ ಸಲ ಅಂದಳು. ಅದು ಸಾಕಾಗಿತ್ತು.

ಗಾಡಿ ಬಂದ ಮರುದಿನ ಬೆಳಿಗ್ಗೆ ಗೋರಖನಾಥ ಬಾನೆಟ್ ಎತ್ತಿ ನೀರು ಹಾಕುತ್ತಿದ್ದ. ಪಂಢರಿಯ ಕಣ್ಣು ಅಭ್ಯಾಸಬಲದಿಂದ ಅತ್ತ ಹೋಯಿತು. ಬೆಲ್ಟಿನ ಮುಚ್ಚಳದ ಕೆಳಗೆ ಎಂಜಿನ್ ಆಯಿಲ್ ಜಿನುಗುತ್ತಿತ್ತು. ಆಯಿಲ್ ಕುಡಿದ ಬೆಲ್ಟ್ ಹೊಸದಾದರೂ ಬಾಳುವುದಿಲ್ಲ ಎಂದು ಗಫೂರ ಹೇಳಿದ್ದು ನೆನಪಿತ್ತು. ಸುಮ್ಮನಿದ್ದರಾಯಿತು. ಇಂದೋ ನಾಳೆಯೋ ಆ ಹಾರ್ನ್ ನಿಲ್ಲುತ್ತದೆ, ಮಂದಿಯೆಲ್ಲ ಇತ್ತ ಬರುತ್ತಾರೆ. ಆಸೆಗೆ ಬಾಯಲ್ಲಿ ನೀರೂರಿತು ಎಂದರೆ ಸುಳ್ಳಲ್ಲ. ಆದರೆ ಆ ಗಾಡಿಯಲ್ಲಿ ಆಗಲೇ ಹನ್ನೊಂದು ಜನ ಹತ್ತಿ ಕೂತಿದ್ದರು.

"ಗೋರಖನಾಥ, ಗಾಡಿ ಚಾಲೂ ಮಾಡಬ್ಯಾಡ" ಎಂದ. "ನಿನ್ನ ಬೆಲ್ಟಿಗೆ ಆಯಿಲ್ ಹತ್ತಲತ್ತದ. ಬೀದರಿಗೆ ಎಳಸ್ಕೊಂಡು ಹೋಗು. ನಿನ್ನ ಮಂದಿನ ನಾ ಮುಟ್ಟಸ್ತೇನಿ."

ಗೋರಖನಾಥ ಅವನ ಮುಖ ನೋಡಿದ. ಆಮೇಲೆ ಬಗ್ಗಿ ಬೆಲ್ಟಿನ ಮುಚ್ಚಳ ನೋಡಿದ. ಆಮೇಲೆ ತಾನೇ ಮೂಟೆಗಳನ್ನು ಪಂಢರಿಯ ಗಾಡಿಗೆ ಎತ್ತಿಟ್ಟ.

ಗಾಡಿ ಇಟ್ಟ ಅಣ್ಣ ತಮ್ಮಂದಿರೇ, ನಿಮ್ಮ ಎಂಜಿನ್ನಿನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ಇಂದೇ ಮೇಸ್ತ್ರಿಯನ್ನು ಕೇಳಿ. ಬೆಲ್ಟ್ ಇದ್ದರೆ ಕಂಪನಿಯ ಪುಸ್ತಕ ಹೇಳಿದ ಕಿಲೋಮೀಟರಿಗೆ ಬದಲಿಸಿ. ಹಳೆ ಗಾಡಿ ಕೊಂಡಿದ್ದು ಲೆಕ್ಕ ಗೊತ್ತಿಲ್ಲವೆಂದರೆ ಮೊದಲು ಅದನ್ನೇ ಬದಲಿಸಿ, ಆಯಿಲ್ ಸೋರಿಕೆಯನ್ನೂ ನೋಡಿಸಿ. ಹರಿದರೆ ಸೆಲ್ಫ್ ಹೊಡೆಯಬೇಡಿ, ನೂಕಿಸಬೇಡಿ. ವಾಲ್ವ್ ನೋಡಿಸದೆ ಚಾಲೂ ಮಾಡಬೇಡಿ. ನೆರೆಯವನ ಗಾಡಿಯ ಮೇಲೆ ಕಣ್ಣು ಹಾಕುವುದನ್ನು ಬಿಡಲಾಗದಿದ್ದರೆ ಹಾಕಿ, ಆದರೆ ಕಂಡದ್ದನ್ನು ಅವನಿಗೆ ಹೇಳಿ.