ಚಂಪಿಗೆ ತೆಗೆದ ದೃಷ್ಟಿ

ನಾಯಿ ಚಂಪಿ ಕೆಮ್ಮತೊಡಗಿದಾಗ ಬೆಟಗೇರಿಯ ಅಂಬವ್ವ ಡಾಕ್ಟರನ್ನು ಹುಡುಕಲಿಲ್ಲ, ಕಣ್ಣು ಹಾಕಿದವರನ್ನು ಹುಡುಕಿದಳು. ಎದುರು ಮನೆಯ ಮಂಜವ್ವ ಸಿಕ್ಕಳು. "ನಾಯಿ ಎಷ್ಟ ಚೆಂದ ಮೈ ತುಂಬೇತಿ," ಅಂದಿದ್ದಳಲ್ಲ, ಮತ್ತಿನ್ನೇನು ಬೇಕು! ಸಂಜೆಯಾದರೆ ಅಂಬವ್ವ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕುವಳು. ಹೊಗೆ ಚೆನ್ನಾಗಿ ತಾಗಲೆಂದು ಚಂಪಿಯನ್ನು ಹಿಡಿದೇ ಕೂರುವಳು. ಕೆಮ್ಮು ಹೆಚ್ಚಿದಷ್ಟೂ ಮೆಣಸಿನಕಾಯಿ ಹೆಚ್ಚಿದವು.

"ಅತ್ತಿ, ಡಾಕ್ಟರಿಗೆ ತೋರಸೂಣ್ರಿ," ಎಂದ ಸೊಸೆ ಪ್ರಿಯಾಳನ್ನು, "ನಿನಗೇನ ತಿಳಿತೈತಿ, ಸುಮ್ಕಿರು," ಎಂದು ಗದರಿಸಿದಳು.

ಇವತ್ತು ಬೆಳಿಗ್ಗೆ ಚಂಪಿ ಮುಂಗಾಲು ಅಗಲಿಸಿ, ಕತ್ತು ಚಾಚಿ, ಹೊಟ್ಟೆಯಿಂದ ಉಸಿರೆಳೆಯುತ್ತ ನಿಂತುಬಿಟ್ಟಿತು. ಒಸಡು ನೀಲಿಗಟ್ಟಿತ್ತು. ಪ್ರಿಯಾ ಯಾರನ್ನೂ ಕೇಳದೆ ಆಟೋ ತಂದಳು; ಅಂಬವ್ವ ಚಂಪಿಯನ್ನು ಎತ್ತಿಕೊಂಡು ಹತ್ತಿದಳು. ದನದ ದವಾಖಾನೆಯಲ್ಲಿ ಮಂಜವ್ವ ತನ್ನ ಆಡು ಹಿಡಿದು ಕೂತಿದ್ದಳು. ಇವರನ್ನು ಕಂಡವಳೇ ತನ್ನ ಪಾಳಿ ಬಿಟ್ಟುಕೊಟ್ಟಳು.

ಡಾಕ್ಟರ್ ವಿಜಯೀಂದ್ರ ಆಕ್ಸಿಜನ್ ಹಿಡಿದು ಇಂಜೆಕ್ಷನ್ ಕೊಟ್ಟರು. ಉಸಿರು ಹದಕ್ಕೆ ಬಂದಮೇಲೆ ಎದೆಯ ಎಕ್ಸ್‌ರೇ ತೆಗೆದು ನೋಡಿದರು.

"ಹಾರ್ಟ್ ಚೊಲೋ ಅದ. ಇದು ಉಸಿರನಾಳದ ಉರಿಯೂತ ಅನಸ್ತದ, ಮನಷ್ಯಾರಿಗೆ ಅಸ್ತಮಾ, ದಮ್ಮು ಬರ್ತದಲ್ಲ, ಹಂಗ. ಮನ್ಯಾಗ ಹೊಗಿ ಏನರ ಇರ್ತದೇನ್ರಿ?"

"ಇಲ್ರಿ," ಎಂದಳು ಅಂಬವ್ವ ಥಟ್ಟನೆ. "ನಮ್ಮ ಯಜಮಾನ್ರಿಗೂ ದಮ್ಮು ಐತಿ. ಊದಿನಕಡ್ಡಿ ಸೈತ ಹಚ್ಚಂಗಿಲ್ಲ ನಾನು."

"ಹಂಗಾರ ನಿಮಗ ಹೇಳೂದ ಬ್ಯಾಡ. ಬ್ಯಾರೆ ಏನೋ ಕಾರಣ ಇರಬೇಕು. ಅದು ಸಿಗಲಿಲ್ಲಂದ್ರ ಮತ್ತ ಹಿಂಗ ಆಗ್ತದ. ಮುಂದಿನ ಸಲ ಉಳಿಯೂದು ಕಷ್ಟ."

ಅಂಬವ್ವನಿಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋಗಬೇಕು ಅನಿಸಿತು. ಕೆಂಡ ಹಚ್ಚುವ ಮುಂಚೆ ಗಂಡ ನಿಂಗಪ್ಪನನ್ನು ಹೊರಗಿನ ಕಟ್ಟೆಗೆ ಕಳಿಸಿ ಬಾಗಿಲು ಹಾಕುತ್ತಿದ್ದವಳು ಅವಳೇ. ಅವನ ಎದೆಯ ಸುಂಯ್ ಸದ್ದನ್ನು ಅಡುಗೆಮನೆಯಿಂದಲೇ ಗುರುತಿಸುವವಳಿಗೆ ತೊಡೆಯ ಮೇಲಿದ್ದ ನಾಯಿಯ ಎದೆ ಕೇಳಿಸಿರಲಿಲ್ಲ. ಪ್ರಿಯಾ ಅತ್ತೆಯ ಮಾನ ಉಳಿಸಲು ನೆಲ ನೋಡುತ್ತ ನಿಂತಿದ್ದಳು.

"ಸುಳ್ಳ ಹೇಳಿದ್ನಿರಿ," ಎಂದಳು ಅಂಬವ್ವ, ಬಾಗಿಲಲ್ಲಿ ನಿಂತಿದ್ದ ಮಂಜವ್ವನ ಎದುರಿಗೇ. "ಈಕಿ ಕಣ್ಣ ತಾಗೇತಂತ ದಿನಾ ಮೆಣಸಿನಕಾಯಿ ಹೊಗಿ ಹಾಕೇನಿ. ಗಂಡನ್ನ ಹೊರಗ ಕಳಿಸಿ, ಇದನ್ನ ಹಿಡ್ಕೊಂಡು ಹಾಕೇನಿ."

ಮಂಜವ್ವ ಮುಖ ತಿರುಗಿಸಿದಳು. ಡಾಕ್ಟರು ಬೈಯಲಿಲ್ಲ. ಮಾಸ್ಕ್ ಜೋಡಿಸಿದ, ಔಷಧಿ ಎಳೆದುಕೊಳ್ಳುವ ಪಂಪು ತಂದರು. "ಇನ್ನ ಹೊಗಿ ಪೂರ್ತಿ ಬಂದ್. ಇದನ್ನ ದಿನಾ ಮೂಗಿಗೆ ಹಿಡೀಬೇಕು. ಜುಲುಮಿ ಮಾಡಿದ್ರ ಅಂಜ್ತಾವ, ಅದು ನಂಬಿದವ್ರ ಹಿಡೀಬೇಕು. ಯಾರ ಹಿಡೀತೀರಿ?"

"ನೀ ಹಿಡಿಯವ್ವಾ," ಎಂದು ಅಂಬವ್ವ ಸೊಸೆಯ ಹಿಂದೆ ಸರಿದಳು.

ಪ್ರಿಯಾ ಮಾಸ್ಕ್ ಹತ್ತಿರ ತಂದರೆ ಚಂಪಿ ಕೊಸರಿಕೊಂಡಿತು. ಅತ್ತಿತ್ತ ನೋಡಿ, ಅಂಬವ್ವ ಕಂಡೊಡನೆ ಅವಳ ಸೆರಗಿನೊಳಗೆ ಮೂತಿ ತೂರಿಸಿತು.

"ನನ್ನ ಕೈ ಬ್ಯಾಡಲೇ," ಎಂದು ಅಂಬವ್ವ ಅತ್ತಳು. ಚಂಪಿ ಅಲ್ಲಿಂದ ಕದಲಲಿಲ್ಲ.